ಕಂಕನಾಡಿಯ ಆಲದ ನೆರಳು

ಮೈಸೂರು ಜಿಲ್ಲೆಯ ಸಾಲಿಗ್ರಾಮ ಕಾವೇರಿಯ ಬಯಲಿನ ಹಳೆಯ ಊರುಗಳಲ್ಲಿ ಒಂದು. ರಾಮಾನುಜಾಚಾರ್ಯರು ಕೆಲಕಾಲ ಇಲ್ಲಿ ತಂಗಿದ್ದರೆಂಬ ನೆನಪನ್ನು ಆ ಊರು ಇಂದಿಗೂ ಭಕ್ತಿಯಿಂದ ಕಾಪಾಡಿಕೊಂಡು ಬಂದಿದೆ. ಜೈನ ಬಸದಿಗಳೂ ಅಲ್ಲಿವೆ. ಅದೇ ಸೀಮೆಯ ಕೃಷ್ಣರಾಜನಗರ ತಾಲ್ಲೂಕಿನಲ್ಲಿ ಡೋರ್ನಹಳ್ಳಿ ಎಂಬ ಗ್ರಾಮವಿದೆ. ಪ್ರತಿವರ್ಷ ಜೂನ್ 13ರಂದು ಅಲ್ಲಿ ಸಂತ ಅಂತೋಣಿಯವರ ಹಬ್ಬ ನಡೆಯುತ್ತದೆ. ಅಂದು ಅಲ್ಲಿ ಸೇರುವ ಜನರೆಲ್ಲರೂ ಕ್ರೈಸ್ತರಲ್ಲ. ರಾಗಿಯ ಹೊಲದವರು, ಭತ್ತದ ಗದ್ದೆಯವರು, ಹೊಗೆಸೊಪ್ಪು ಬೆಳೆಯುವವರು, ಬೇರೆ ಬೇರೆ ಜಾತಿ ಮತಗಳವರು ಕಾಯಿಲೆಯ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಬರುತ್ತಾರೆ. ನಡೆಯಲಾರದವರನ್ನು ಮನೆಯವರು ಕೈಹಿಡಿದು ಕರೆತರುತ್ತಾರೆ. ಗಂಡನ ಕುಡಿತ ಬಿಡಲೆಂದು ಮೊಂಬತ್ತಿ ಹಚ್ಚಿ ನಿಂತ ಹೆಂಡತಿಯ ಕಣ್ಣೀರನ್ನು ಯಾರೂ ಅಲ್ಲಿ ವಿಚಿತ್ರವೆಂದು ನೋಡುವುದಿಲ್ಲ.

ಸುಮಾರು ಎರಡು ಶತಮಾನಗಳ ಹಿಂದೆ ರೈತನೊಬ್ಬನು ಹೊಲ ಉಳುತ್ತಿದ್ದಾಗ ನೇಗಿಲಿಗೆ ಮರದ ವಿಗ್ರಹವೊಂದು ಸಿಕ್ಕಿತೆಂದೂ, ಅದು ಸಂತ ಅಂತೋಣಿಯವರದೆಂದು ಬಲ್ಲವರು ಗುರುತಿಸಿದ ಮೇಲೆ ಅಲ್ಲೊಂದು ಚಿಕ್ಕ ಗುಡಿ ಎದ್ದಿತೆಂದೂ ಸ್ಥಳದ ಐತಿಹ್ಯ ಹೇಳುತ್ತದೆ. ಆ ಗುಡಿ ಬೆಳೆದು ದೊಡ್ಡ ದೇವಾಲಯವಾಯಿತು. 2019ರಲ್ಲಿ ಅದಕ್ಕೆ ಕಿರಿಯ ಬೆಸಿಲಿಕಾ ಎಂಬ ಗೌರವವೂ ದೊರೆಯಿತು.

ಸಂತ ಅಂತೋಣಿಯವರು 1195ರಲ್ಲಿ ಪೋರ್ಚುಗಲ್ ದೇಶದ ಲಿಸ್ಬನ್ ನಗರದಲ್ಲಿ ಹುಟ್ಟಿ, 1231ರಲ್ಲಿ ಇಟಲಿಯ ಪಡುವಾದಲ್ಲಿ ದೇಹ ಬಿಟ್ಟವರು. ಅವರ ಹೆಸರಿನಲ್ಲಿ ಬಡವರಿಗೆ ರೊಟ್ಟಿ ಹಂಚುವ ಸಂಪ್ರದಾಯ ಕ್ರೈಸ್ತ ಲೋಕದಲ್ಲಿ ಬಹು ಕಾಲದಿಂದ ಬಂದಿದೆ. ಅದರ ಮೂಲದಲ್ಲಿ ಒಂದು ಕಥೆಯುಂಟು. ಪಡುವಾದಲ್ಲಿ ನೀರಿಗೆ ಬಿದ್ದ ಮಗುವಿನ ತಾಯಿಯೊಬ್ಬಳು, ತನ್ನ ಕಂದ ಬದುಕಿ ಬಂದರೆ ಅದರ ತೂಕದಷ್ಟು ಧಾನ್ಯವನ್ನು ಬಡವರಿಗೆ ಕೊಡುವೆನೆಂದು ಹರಕೆ ಹೊತ್ತಳಂತೆ. ತುಲಾಭಾರವನ್ನು ಬಲ್ಲ ನಮ್ಮ ನಾಡಿನವರಿಗೆ ಈ ಹರಕೆ ಪರಕೀಯವೆನಿಸದು. ಗಮನಿಸಬೇಕಾದ ಮಾತೆಂದರೆ, ತಾಯಿ ತೂಗಿಕೊಟ್ಟದ್ದು ಹೊನ್ನನ್ನಲ್ಲ, ಧಾನ್ಯವನ್ನು. ಅದು ಸೇರಿದ್ದು ಭಂಡಾರವನ್ನಲ್ಲ, ಹಸಿದವರ ಒಡಲನ್ನು. ತನ್ನ ಸಂಕಟಕ್ಕೆ ಪರಿಹಾರ ಬೇಡುವ ಹೊತ್ತಿನಲ್ಲಿ ಇನ್ನೊಬ್ಬನ ಸಂಕಟವನ್ನು ನೆನೆಯಬೇಕೆಂಬ ನೀತಿ ಆ ಕಥೆಯೊಳಗೆ ಅಡಗಿದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹರಕೆ ಹೊತ್ತವರೆಲ್ಲರ ಬೇನೆಯೂ ವಾಸಿಯಾಗುವುದಿಲ್ಲ. ವಾಸಿಯಾಗದವರ ಪಾಲಿಗೆ ನಂಬಿಕೆಯಿಂದ ಏನು ಪ್ರಯೋಜನ? ಈ ಪ್ರಶ್ನೆಗೆ ಮಾತಿನಿಂದಲ್ಲದೆ ಬದುಕಿನಿಂದ ಉತ್ತರ ಕೊಟ್ಟವರು ಕರ್ನಾಟಕದಲ್ಲಿ ಆಗಿಹೋಗಿದ್ದಾರೆ. ಅವರಲ್ಲಿ ಮುಖ್ಯರಾದವರು ಮಂಗಳೂರಿನ ಫಾದರ್ ಅಗಸ್ಟಸ್ ಮುಲ್ಲರ್.

ಮುಲ್ಲರ್ ಅವರು 1841ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದಲ್ಲಿ ಜನಿಸಿದರು. ಯೇಸು ಸಭೆಯ ಪಾದ್ರಿಗಳಾದ ಅವರು 1878ರ ಡಿಸೆಂಬರ್ ತಿಂಗಳ ಕೊನೆಯ ದಿನ ತಮ್ಮ ಸಂಗಡಿಗರೊಡನೆ ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳುವುದು ಅವರಿಗೆ ಒಪ್ಪಿಸಿದ್ದ ಕೆಲಸ. ಆದರೆ ಅವರಿಗೆ ಹೋಮಿಯೋಪತಿ ವೈದ್ಯದ ಪರಿಚಯವಿತ್ತು. ಜೊತೆಯಲ್ಲಿ ಔಷಧದ ಪೆಟ್ಟಿಗೆಯೂ ಇತ್ತು. ಬಳಿಗೆ ಬಂದ ರೋಗಿಗಳಿಗೆ ಅದರಿಂದ ಮದ್ದು ಕೊಡತೊಡಗಿದರು. ಬರುವವರ ಸಂಖ್ಯೆ ಹೆಚ್ಚಿತು. 1880ರಲ್ಲಿಯೇ ಕಂಕನಾಡಿಯ ಆಲದ ಮರವೊಂದರ ನೆರಳಿನಲ್ಲಿ ಬಡವರ ಔಷಧಾಲಯವೊಂದು ಮೊದಲಾಯಿತು. ಗೋಡೆಯಿಲ್ಲ, ಬಾಗಿಲಿಲ್ಲ, ಆದುದರಿಂದ ಯಾರನ್ನೂ ಹೊರಗೆ ನಿಲ್ಲಿಸುವ ಪ್ರಸಂಗವೂ ಇಲ್ಲ.

ಮದ್ದಿಗೆ ಹಣ ಬೇಕು. ಬಡವರಿಂದ ಹಣ ಕೇಳುವಂತಿಲ್ಲ. ಮುಲ್ಲರ್ ಅವರು ಇದಕ್ಕೊಂದು ಉಪಾಯ ಕಂಡುಕೊಂಡರು. ಔಷಧಗಳನ್ನು ಸಿದ್ಧಪಡಿಸಿ, ಅಂಚೆಯ ಮೂಲಕ ದೇಶದ ನಾನಾ ಭಾಗಗಳಿಗೆ ಕಳುಹಿಸಿ, ಕೊಳ್ಳಬಲ್ಲವರಿಗೆ ಮಾರಿದರು. ಬಂದ ಹಣವನ್ನು ಕೊಳ್ಳಲಾರದವರ ಶುಶ್ರೂಷೆಗೆ ವಿನಿಯೋಗಿಸಿದರು. ದಾನಿಗಳೂ ನೆರವಾದರು. ಔದಾರ್ಯವೆಂದರೆ ಇದ್ದುದನ್ನು ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವುದಲ್ಲ, ಕೊಡುವುದು ನಿಲ್ಲದಂತೆ ದುಡಿಯುವುದು ಎಂಬುದನ್ನು ಅವರು ಮಾಡಿ ತೋರಿಸಿದರು.

ಮದ್ದಿಗಾಗಿ ಬಂದವರಲ್ಲಿ ಕುಷ್ಠರೋಗಿಗಳೂ ಇದ್ದರು. ಆ ಕಾಲದಲ್ಲಿ ಕುಷ್ಠರೋಗಿಯ ಬಾಳು ಎಂಥದೆಂಬುದನ್ನು ಇಂದು ಊಹಿಸುವುದೂ ಕಷ್ಟ. ಮೈಮೇಲೆ ಸ್ಪರ್ಶವರಿಯದ ಮಚ್ಚೆಯೊಂದು ಕಾಣಿಸಿಕೊಂಡರೆ ಸಾಕು, ಹೆಂಡತಿ ಮಕ್ಕಳಿಂದ ದೂರವಾಗಬೇಕು, ಊರು ಬಿಡಬೇಕು, ಯಾವುದೋ ಗುಡಿಯ ಮುಂದೆಯೋ ದಾರಿಯ ಪಕ್ಕದಲ್ಲಿಯೋ ಕುಳಿತು ಬೇಡಬೇಕು. ಅದು ಪೂರ್ವಜನ್ಮದ ಪಾಪವೆಂದು ನಂಬಿದವರು ಇಲ್ಲಿಯೂ ಇದ್ದರು. ದೇವರ ಶಾಪವೆಂದು ನಂಬಿದವರು ಯೂರೋಪಿನಲ್ಲಿಯೂ ಇದ್ದರು. 1898ರಲ್ಲಿ ಬ್ರಿಟಿಷ್ ಸರ್ಕಾರ ತಂದ ಕಾಯಿದೆಯು ನಿರ್ಗತಿಕ ಕುಷ್ಠರೋಗಿಗಳನ್ನು ಹಿಡಿದು ಪ್ರತ್ಯೇಕವಾಗಿಡಲು ಅಧಿಕಾರ ಕೊಟ್ಟಿತು. ಆ ಕಾಯಿದೆ ರದ್ದಾದುದು 2016ರಲ್ಲಿ ಎಂದರೆ, ಮನುಷ್ಯನ ಭಯ ಎಷ್ಟು ನಿಧಾನವಾಗಿ ಕರಗುತ್ತದೆ ಎಂಬುದು ತಿಳಿಯುತ್ತದೆ.

ಈ ರೋಗದ ಇತಿಹಾಸದಲ್ಲಿ 1873 ಮರೆಯಲಾಗದ ವರ್ಷ. ಆ ವರ್ಷ ನಾರ್ವೆ ದೇಶದ ವೈದ್ಯ ಹ್ಯಾನ್ಸೆನ್ ಸೂಕ್ಷ್ಮದರ್ಶಕದಲ್ಲಿ ಕುಷ್ಠದ ರೋಗಾಣುವನ್ನು ಕಂಡನು. ರೋಗಕ್ಕೆ ಕಾರಣ ಪಾಪವಲ್ಲ, ಕಣ್ಣಿಗೆ ಕಾಣದ ಜೀವಿಯೊಂದು ಎಂಬುದು ಅಂದಿನಿಂದ ಸ್ಪಷ್ಟವಾಗತೊಡಗಿತು. ಅದೇ ವರ್ಷ ಬೆಲ್ಜಿಯಂ ದೇಶದ ಫಾದರ್ ಡೇಮಿಯನ್, ಹವಾಯಿ ದ್ವೀಪಗಳಲ್ಲಿ ಕುಷ್ಠರೋಗಿಗಳನ್ನು ತಂದುಬಿಡುತ್ತಿದ್ದ ಮೊಲೊಕಾಯ್ ದ್ವೀಪಕ್ಕೆ ಹೋಗಿ ಅವರ ನಡುವೆ ನೆಲೆಸಿದರು. ಅವರ ಹುಣ್ಣುಗಳಿಗೆ ಪಟ್ಟಿ ಕಟ್ಟಿದರು, ಮನೆಗಳನ್ನು ಕಟ್ಟಿಕೊಟ್ಟರು, ಸತ್ತವರಿಗೆ ಕುಣಿ ತೋಡಿದರು. ಕೊನೆಗೆ ತಾವೂ ಆ ರೋಗಕ್ಕೆ ತುತ್ತಾಗಿ 1889ರಲ್ಲಿ ತೀರಿಕೊಂಡರು. ಒಬ್ಬನು ರೋಗಾಣುವನ್ನು ಕಂಡನು. ಇನ್ನೊಬ್ಬರು ರೋಗಿಯನ್ನು ಕಂಡರು. ಲೋಕಕ್ಕೆ ಎರಡು ಕಣ್ಣುಗಳೂ ಬೇಕಾಗಿದ್ದವು.

ಡೇಮಿಯನ್ನರು ತೀರಿಕೊಂಡ ಮರುವರ್ಷ, 1890ರಲ್ಲಿ, ಮುಲ್ಲರ್ ಅವರು ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆಂದು ಸಂತ ಜೋಸೆಫರ ಹೆಸರಿನಲ್ಲಿ ಆಶ್ರಯಧಾಮವನ್ನು ತೆರೆದರು. ಅನಂತರ ಆಸ್ಪತ್ರೆಯೂ ಬೆಳೆಯಿತು. 1902ರಲ್ಲಿ ಪ್ಲೇಗಿನ ಹಾವಳಿಯಿಂದ ಜನ ತತ್ತರಿಸುತ್ತಿದ್ದಾಗ ಪ್ಲೇಗ್ ರೋಗಿಗಳಿಗಾಗಿಯೇ ಬೇರೊಂದು ಆಸ್ಪತ್ರೆ ಎದ್ದಿತು. ಹೆತ್ತವರೇ ಮಕ್ಕಳನ್ನು ಬಿಟ್ಟು ಓಡುವಂತೆ ಮಾಡಿದ ರೋಗ ಅದು. ಇಂಥ ಎರಡು ಭಯಂಕರ ರೋಗಗಳ ಮುಂದೆ ಮುಲ್ಲರ್ ಅವರು ಹಿಂದೆಗೆಯಲಿಲ್ಲ. ಮೂರು ದಶಕಗಳ ಸೇವೆಯ ಬಳಿಕ 1910ರ ನವೆಂಬರ್ 1ರಂದು ಅವರು ನಿಧನರಾದರು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಮುಲ್ಲರ್ ಅವರ ಪೆಟ್ಟಿಗೆಯಲ್ಲಿದ್ದ ಮದ್ದಿನಿಂದ ಕುಷ್ಠರೋಗ ಗುಣವಾಯಿತೆ? ಇಲ್ಲ. ಆ ಕಾಲದಲ್ಲಿ ಅದನ್ನು ಗುಣಪಡಿಸುವ ಔಷಧ ಜಗತ್ತಿನ ಯಾವ ವೈದ್ಯನ ಬಳಿಯಲ್ಲಿಯೂ ಇರಲಿಲ್ಲ. ಹಾಗಾದರೆ ಆ ಆಶ್ರಯಧಾಮ ಕೊಟ್ಟದ್ದೇನು? ತಲೆಯ ಮೇಲೆ ಸೂರು, ಹೊತ್ತಿಗೆ ಗಂಜಿ, ಹುಣ್ಣಿಗೆ ಶುದ್ಧವಾದ ಬಟ್ಟೆ, ಕರೆಯಲು ಒಂದು ಹೆಸರು. ಹಾದಿಯಲ್ಲಿ ‘ದೂರ ಸರಿ’ ಎಂಬ ಮಾತನ್ನೇ ಕೇಳಿ ಬಂದವನಿಗೆ ‘ಒಳಗೆ ಬಾ’ ಎಂಬ ಮಾತು ಕೇಳಿಸಿತು. ಯೇಸುವು ಕುಷ್ಠರೋಗಿಯನ್ನು ದೂರದಿಂದ ಹರಸದೆ ಕೈಚಾಚಿ ಮುಟ್ಟಿದನೆಂದು ಸುವಾರ್ತೆಗಳು ಹೇಳುತ್ತವೆ. ಮುಲ್ಲರ್ ಅವರ ಶ್ರದ್ಧೆ ಆ ಕೈಯನ್ನು ಅನುಸರಿಸಿತು. ‘ಗುಣಪಡಿಸು, ಸಂತೈಸು’ ಎಂಬುದು ಅವರ ಹೆಸರಿನ ಸಂಸ್ಥೆಯ ಧ್ಯೇಯವಾಕ್ಯ. ಗುಣಪಡಿಸುವುದು ಎಲ್ಲ ಕಾಲದಲ್ಲಿಯೂ ಮನುಷ್ಯನ ಕೈಯಲ್ಲಿಲ್ಲ. ಸಂತೈಸುವುದು ಎಲ್ಲ ಕಾಲದಲ್ಲಿಯೂ ಇದೆ.

ಸಂತೈಸುವ ಕೈಗಳು ಕಾದು ನಿಂತಿದ್ದುದರಿಂದಲೇ, ಗುಣಪಡಿಸುವ ಮದ್ದು ಬಂದಾಗ ಅದನ್ನು ರೋಗಿಗೆ ಮುಟ್ಟಿಸುವುದು ಸಾಧ್ಯವಾಯಿತು. 1940ರ ದಶಕದಲ್ಲಿ ಸಲ್ಫೋನ್ ಜಾತಿಯ ಔಷಧಗಳು ಬಳಕೆಗೆ ಬಂದವು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಆರು ತಿಂಗಳು ಅಥವಾ ಒಂದು ವರ್ಷ ತಪ್ಪದೆ ಮಾತ್ರೆ ನುಂಗಿದರೆ ರೋಗ ವಾಸಿಯಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಮಾತ್ರೆಗಳು ಉಚಿತ. 2005ರ ಕೊನೆಯ ಹೊತ್ತಿಗೆ ಭಾರತದಲ್ಲಿ ರೋಗಿಗಳ ಪ್ರಮಾಣ ಹತ್ತು ಸಾವಿರ ಜನರಲ್ಲಿ ಒಬ್ಬನಿಗಿಂತ ಕಡಿಮೆಯಾಯಿತು. ಹೊಸ ರೋಗಿಗಳು ಈಗಲೂ ಕಂಡುಬರುತ್ತಾರಾದರೂ ಇಂದು ಕುಷ್ಠವು ಹೆದರಬೇಕಾದ ರೋಗವಲ್ಲ, ಬೇಗನೆ ತೋರಿಸಿಕೊಳ್ಳಬೇಕಾದ ರೋಗ. ಆಲದ ಮರದ ಬುಡದ ಆ ಔಷಧಾಲಯವಾದರೋ ದೊಡ್ಡ ಆಸ್ಪತ್ರೆಯಾಗಿ ಬೆಳೆದು, 1985ರಲ್ಲಿ ಹೋಮಿಯೋಪತಿ ಕಾಲೇಜನ್ನೂ 1999ರಲ್ಲಿ ವೈದ್ಯಕೀಯ ಕಾಲೇಜನ್ನೂ ಕಂಡಿತು.

ಮುಲ್ಲರ್ ಅವರು ಒಂಟಿಯಲ್ಲ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ಮೇರಿ ಹೋಲ್ಡ್ಸ್‌ವರ್ತ್ ಎಂಬ ಮಹಿಳೆಯ ಸ್ಮರಣಾರ್ಥವಾಗಿ ಹೆಂಗಸರಿಗೂ ಮಕ್ಕಳಿಗೂ ಆಸ್ಪತ್ರೆಯನ್ನು ಸ್ಥಾಪಿಸಿದರು. ಗಂಡಸು ವೈದ್ಯನ ಮುಂದೆ ನಿಲ್ಲಲು ಹಿಂಜರಿದು ಹೆರಿಗೆಯಲ್ಲಿ ಹೆಂಗಸರು ಪ್ರಾಣ ಬಿಡುತ್ತಿದ್ದ ಕಾಲ ಅದು. ಸುತ್ತಣ ಹಳ್ಳಿಗಳ ಜನ ಅದನ್ನು ‘ಮಿಷನ್ ಆಸ್ಪತ್ರೆ’ ಎಂದೇ ಕರೆದರು. 1923ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯೆ ಈವಾ ಲೊಂಬಾರ್ಡ್ ಉಡುಪಿಯಲ್ಲಿ ಇಂಥದೇ ಆಸ್ಪತ್ರೆಯೊಂದನ್ನು ಆರಂಭಿಸಿದರು.

ರೋಗ ವಾಸಿಯಾದರೂ ಅದು ಬಿಟ್ಟುಹೋದ ಅಂಗವೈಕಲ್ಯ ಉಳಿಯುತ್ತದೆ. ಕುಷ್ಠದ ರೋಗಾಣು ನರಗಳನ್ನು ಕೆಡಿಸುತ್ತದೆ. ನರ ಸತ್ತ ಬೆರಳಿಗೆ ನೋವು ತಿಳಿಯದು. ಒಲೆಯ ಮೇಲಿನ ಬಿಸಿ ಪಾತ್ರೆಯನ್ನು ಹಿಡಿದರೂ, ಪಾದಕ್ಕೆ ಮುಳ್ಳು ನೆಟ್ಟರೂ ಅರಿವಾಗದೆ ಗಾಯ ಬಲಿಯುತ್ತದೆ. ಬೆರಳುಗಳು ಸವೆಯುತ್ತವೆ, ಮಡಿಚಿಕೊಳ್ಳುತ್ತವೆ. ಇದನ್ನು ಸೂಕ್ಷ್ಮವಾಗಿ ಗಮನಿಸಿ ಜಗತ್ತಿಗೆ ತಿಳಿಸಿದವರಲ್ಲಿ ಪಾಲ್ ಬ್ರ್ಯಾಂಡ್ ಪ್ರಮುಖರು. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಮಿಷನರಿ ದಂಪತಿಗಳ ಮಗನಾಗಿ ಹುಟ್ಟಿದ ಅವರು 1946ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿಗೆ ಬಂದರು. ಆರೋಗ್ಯವಾದ ಸ್ನಾಯುವಿನ ಕಂಡರವನ್ನು ಬೇರೆ ಕಡೆಗೆ ಜೋಡಿಸಿ, ಮಡಿಚಿಹೋದ ಬೆರಳುಗಳು ಮತ್ತೆ ಬಿಚ್ಚಿಕೊಳ್ಳುವಂತೆ ಮಾಡುವ ಶಸ್ತ್ರಚಿಕಿತ್ಸೆಯನ್ನು ಅಲ್ಲಿ ರೂಢಿಗೆ ತಂದರು.

ಅಲ್ಲಿಯೇ ಮೇರಿ ವರ್ಗೀಸ್ ಎಂಬ ತರುಣ ವೈದ್ಯೆ ಇದ್ದರು. 1954ರ ಜನವರಿಯಲ್ಲಿ ನಡೆದ ವಾಹನಾಪಘಾತದಲ್ಲಿ ಅವರ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗಿನ ಭಾಗ ಶಕ್ತಿಗುಂದಿತು. ಆಗ ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. ನಿಲ್ಲಲಾರದ ವೈದ್ಯೆಗೆ ಇನ್ನು ವೃತ್ತಿಯುಂಟೆ ಎಂದು ಅವರೂ ಹತಾಶರಾದರು. ಆದರೆ ಕೈಯ ಶಸ್ತ್ರಚಿಕಿತ್ಸೆಯನ್ನು ಕುಳಿತೇ ಮಾಡಬಹುದಾಗಿತ್ತು. ಗಾಲಿ ಕುರ್ಚಿಯಲ್ಲಿ ಕುಳಿತು ಅವರು ಕುಷ್ಠರೋಗಿಗಳ ಕೈಗಳನ್ನು ಸರಿಪಡಿಸತೊಡಗಿದರು. ಕಾಲುಗಳನ್ನು ಕಳೆದುಕೊಂಡಾಕೆ, ಕೈಗಳನ್ನು ಕಳೆದುಕೊಂಡವರಿಗೆ ಕೈಗಳನ್ನು ಮರಳಿಸಿದರು. ಮುಂದೆ ಹೊರದೇಶಗಳಲ್ಲಿ ತರಬೇತಿ ಪಡೆದು ಬಂದು, ಅಂಗವಿಕಲರ ಪುನರ್ವಸತಿಯ ವಿಭಾಗವನ್ನು ವೆಲ್ಲೂರಿನಲ್ಲಿ ನಡೆಸಿದರು. 1966ರಲ್ಲಿ ಅದಕ್ಕೊಂದು ಪ್ರತ್ಯೇಕ ಸಂಸ್ಥೆಯೇ ಆಯಿತು. 1972ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ತಮ್ಮ ಕಾಲುಗಳು ಮರಳಿ ಬರಲೆಂದು ಅವರು ಪ್ರಾರ್ಥಿಸಿರಲಾರರೆ? ಕಾಲುಗಳು ಬರಲಿಲ್ಲ, ಆದರೆ ಕುಳಿತಲ್ಲಿಂದಲೇ ಇತರರನ್ನು ನಿಲ್ಲಿಸುವ ಬಲ ಬಂದಿತು.

ಬೆಂಗಳೂರಿನ ಮಾಗಡಿ ರಸ್ತೆಯ ಸುಮನಹಳ್ಳಿ ಇದೇ ದಾರಿಯ ಇನ್ನೊಂದು ನಿಲ್ದಾಣ. 1970ರ ದಶಕದ ಉತ್ತರಾರ್ಧದಲ್ಲಿ ಸರ್ಕಾರ ಮತ್ತು ಬೆಂಗಳೂರಿನ ಕ್ರೈಸ್ತ ಧರ್ಮಪ್ರಾಂತದ ಸಹಕಾರದಿಂದ ಕುಷ್ಠರೋಗಿಗಳಿಗಾಗಿ ಅದು ಏರ್ಪಟ್ಟಿತು. ಹುಣಸೂರು ತಾಲ್ಲೂಕಿನ ದೇವರಾಜ ಅರಸರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಕಾಲವದು. ಅಲ್ಲಿ ಚರ್ಮದ ಕೆಲಸ, ಪಾದರಕ್ಷೆ ತಯಾರಿಕೆ ಮೊದಲಾದ ಕಸುಬುಗಳನ್ನು ಕಲಿಸಿದರು. ಭಿಕ್ಷೆಗಾಗಿ ಚಾಚುತ್ತಿದ್ದ ಕೈ ಕೂಲಿ ಎಣಿಸುವ ಕೈಯಾಯಿತು. ಅನ್ನ ಹಾಕುವುದು ದಯೆ. ಅನ್ನ ದುಡಿಯುವಂತೆ ಮಾಡುವುದು ಗೌರವ. ದಯೆಯು ಗೌರವದಲ್ಲಿ ಮುಗಿಯದಿದ್ದರೆ ಅದು ಪಡೆದವನನ್ನು ಕುಗ್ಗಿಸುತ್ತದೆ.

ಇನ್ನು ಉಳಿದದ್ದು ವ್ಯಸನದ ಮಾತು. ಕುಡಿತವು ಸಂಸಾರಗಳನ್ನು ಕೆಡಿಸುವ ಬಗೆ ಹಳ್ಳಿ ಪಟ್ಟಣಗಳೆರಡರಲ್ಲಿಯೂ ಎಲ್ಲರಿಗೂ ತಿಳಿದದ್ದೇ. 2007ರಲ್ಲಿ ಕರ್ನಾಟಕ ಸರ್ಕಾರ ಸಾರಾಯಿ ಮಾರಾಟವನ್ನು ನಿಲ್ಲಿಸಿತು. ಆದರೆ ಅಂಗಡಿ ಮುಚ್ಚಿದ ಮಾತ್ರಕ್ಕೆ ಚಟ ಬಿಡುವುದಿಲ್ಲ. ಚಟಕ್ಕೆ ಬಿದ್ದವನಿಗೆ ಬೈಗುಳದಿಂದಲೂ ಪ್ರಯೋಜನವಿಲ್ಲ, ಕಣ್ಣೀರಿನಿಂದಲೂ ಪ್ರಯೋಜನವಿಲ್ಲ; ಅವನು ದಿನವೂ ಆಣೆ ಇಡುತ್ತಾನೆ, ದಿನವೂ ಮುರಿಯುತ್ತಾನೆ.

ಇದಕ್ಕೆ ಮದ್ದೊಂದು ಅಮೆರಿಕದ ಅಕ್ರನ್ ನಗರದಲ್ಲಿ 1935ರಲ್ಲಿ ಸಿಕ್ಕಿತು. ಬಿಲ್ ವಿಲ್ಸನ್ ಎಂಬಾತನು ಕುಡಿತವನ್ನು ಬಿಟ್ಟು ಕೆಲವೇ ತಿಂಗಳಾಗಿತ್ತು. ವ್ಯವಹಾರಕ್ಕೆಂದು ಆ ನಗರಕ್ಕೆ ಬಂದು ಸೋತು, ಹೋಟೆಲಿನ ಮೊಗಸಾಲೆಯಲ್ಲಿ ಒಬ್ಬನೇ ನಿಂತಿದ್ದನು. ಒಂದು ಕಡೆ ಪಾನಗೃಹದ ನಗೆಮಾತು ಕೇಳುತ್ತಿತ್ತು. ಇನ್ನೊಂದು ಕಡೆ ದೂರವಾಣಿಯೂ ಊರಿನ ಚರ್ಚುಗಳ ಪಟ್ಟಿಯೂ ಇದ್ದವು. ಅವನು ದೂರವಾಣಿಯ ಕಡೆಗೆ ನಡೆದನು. ಪಾದ್ರಿಯೊಬ್ಬರನ್ನು ಕರೆದು, ತಾನು ಮಾತನಾಡಬಹುದಾದ ಇನ್ನೊಬ್ಬ ಕುಡುಕನನ್ನು ತೋರಿಸಿಕೊಡಿ ಎಂದು ಕೇಳಿದನು. ಹಾಗೆ ಅವನಿಗೆ ದೊರೆತವನು ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯ. ಇನ್ನೊಬ್ಬನನ್ನು ಎತ್ತಲು ಕೈಕೊಟ್ಟಾಗ ತಾನು ಬೀಳುವುದಿಲ್ಲ ಎಂಬ ಸತ್ಯ ಅವರಿಬ್ಬರಿಗೂ ಗೋಚರವಾಯಿತು. ಅದೇ ವರ್ಷದ ಜೂನ್ 10ರಂದು ಬಾಬ್ ಕೊನೆಯ ಬಾರಿ ಕುಡಿದನು. ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಬಳಗ ಹುಟ್ಟಿದುದು ಹೀಗೆ.

ಅಂದಿನ ಒಂದು ಕ್ರೈಸ್ತ ಬಳಗದಿಂದ ಅವರು ತಪ್ಪೊಪ್ಪಿಗೆ, ಪ್ರಾರ್ಥನೆ, ಕೆಡುಕು ಮಾಡಿದವರಿಗೆ ಪರಿಹಾರ ಸಲ್ಲಿಕೆ, ಪರಸೇವೆ ಎಂಬ ಸಾಧನಗಳನ್ನು ಪಡೆದರು. ಆದರೆ ದೇವರನ್ನು ಯಾವ ರೂಪದಲ್ಲಿ ತಿಳಿಯಬೇಕೆಂಬುದನ್ನು ಅವರವರ ಮನಸ್ಸಿಗೇ ಬಿಟ್ಟರು. ಈ ಬಳಗವು 1957ರಲ್ಲಿ ಭಾರತಕ್ಕೆ ಬಂದಿತು. ಕರ್ನಾಟಕದಲ್ಲಿಯೂ ಇದರ ಕೂಟಗಳು ನಡೆಯುತ್ತವೆ. ಅಲ್ಲಿ ಎಲ್ಲ ಮತದವರೂ ಒಂದೇ ಸಾಲಿನಲ್ಲಿ ಕುಳಿತುಕೊಳ್ಳುತ್ತಾರೆ. ಶುಲ್ಕವಿಲ್ಲ, ಹೆಸರು ಹೊರಗೆ ಹೋಗುವುದಿಲ್ಲ. ಜೀವಮಾನದ ಪ್ರತಿಜ್ಞೆಯನ್ನು ಯಾರೂ ಕೇಳುವುದಿಲ್ಲ. ಇಂದು ಒಂದು ದಿನ ಕುಡಿಯದಿದ್ದರೆ ಸಾಕು. ನಾಳೆಯದು ನಾಳೆಗೆ.

ಇಲ್ಲಿ ಎಚ್ಚರಿಕೆಯ ಮಾತೊಂದುಂಟು. ಬಹುಕಾಲ ಮಿತಿಮೀರಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ನಡುಕ, ಭ್ರಮೆ, ಅಪಸ್ಮಾರಗಳು ತಲೆದೋರಿ ಜೀವಕ್ಕೇ ಅಪಾಯವಾಗಬಹುದು. ಅಂಥವನನ್ನು ಮೊದಲು ವೈದ್ಯರ ಬಳಿಗೆ ಕರೆದೊಯ್ಯಬೇಕು. ಹರಕೆಯ ದಾರಿ ಆಸ್ಪತ್ರೆಯ ದಾರಿಯನ್ನು ಮುಚ್ಚಬಾರದು. ಮುಲ್ಲರ್ ಅವರು ಪಾದ್ರಿಗಳಾಗಿದ್ದೂ ಔಷಧದ ಪೆಟ್ಟಿಗೆಯನ್ನು ಮರೆಯಲಿಲ್ಲ. ಬ್ರ್ಯಾಂಡ್ ಅವರು ಪ್ರಾರ್ಥಿಸುತ್ತಿದ್ದರೂ ಕತ್ತಿಯನ್ನು ಕೆಳಗಿಡಲಿಲ್ಲ. ಮದ್ದನ್ನು ದೂರವಿಡುವ ನಂಬಿಕೆ ರೋಗಿಗೆ ದ್ರೋಹ ಬಗೆಯುತ್ತದೆ. ಹಾಗೆಯೇ, ನೆರವಿಗೆ ಪ್ರತಿಯಾಗಿ ಇನ್ನೊಬ್ಬನ ಶ್ರದ್ಧೆಯನ್ನು ಕೇಳುವ ಔದಾರ್ಯ ಔದಾರ್ಯವಾಗದು, ಅದು ವ್ಯಾಪಾರವಾಗುತ್ತದೆ.

ಯೇಸು ಹೇಳಿದ ಕಥೆಯೊಂದರಲ್ಲಿ, ಕಳ್ಳರ ಪೆಟ್ಟಿಗೆ ಸಿಕ್ಕಿ ದಾರಿಯಲ್ಲಿ ಬಿದ್ದಿದ್ದವನನ್ನು ಧರ್ಮಾಧಿಕಾರಿಗಳು ನೋಡಿಯೂ ನೋಡದಂತೆ ಹೋಗುತ್ತಾರೆ. ಬೇರೆ ಮತದವನೆಂದು ಹೀನಾಯಕ್ಕೆ ಗುರಿಯಾಗಿದ್ದ ಸಮಾರ್ಯದವನೊಬ್ಬನು ನಿಂತು, ಗಾಯಗಳನ್ನು ಕಟ್ಟಿ, ತನ್ನ ವಾಹನದ ಮೇಲೆ ಕೂರಿಸಿಕೊಂಡು ಛತ್ರಕ್ಕೆ ಒಯ್ಯುತ್ತಾನೆ. ಮರುದಿನ ಖರ್ಚಿಗೆಂದು ಎರಡು ನಾಣ್ಯಗಳನ್ನೂ ಕೊಟ್ಟು ಹೋಗುತ್ತಾನೆ. ಬಿದ್ದವನ ಜಾತಿಯನ್ನು ಅವನು ಕೇಳಲಿಲ್ಲ. ತನ್ನ ಹೆಸರನ್ನೂ ಹೇಳಲಿಲ್ಲ. ಕಂಕನಾಡಿಯ ಆಲದ ನೆರಳು ಆ ಛತ್ರದ ಮುಂದುವರಿಕೆಯೇ ಆಗಿತ್ತು.

ಡೋರ್ನಹಳ್ಳಿಯ ಹಬ್ಬ ಮುಗಿದ ಸಂಜೆ ಜನ ತಮ್ಮ ತಮ್ಮ ಊರುಗಳಿಗೆ ಮರಳುತ್ತಾರೆ. ಹಚ್ಚಿದ ಮೊಂಬತ್ತಿಗಳು ಕರಗಿ ಆರುತ್ತವೆ. ಹೊತ್ತುತಂದ ಮಗುವನ್ನು ಮತ್ತೆ ಹೊತ್ತು ನಡೆಯಬೇಕಾದ ತಂದೆಯೂ ಅವರಲ್ಲಿ ಇರುತ್ತಾನೆ. ಬಸ್ಸಿನಲ್ಲಿ ಅವನಿಗೆ ಯಾರಾದರೂ ಎದ್ದು ಜಾಗ ಕೊಟ್ಟರೆ, ನಾಳೆ ಆ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಲು ಯಾರಾದರೂ ಜೊತೆಯಾದರೆ, ಅವನ ಹರಕೆ ಅಷ್ಟರ ಮಟ್ಟಿಗೆ ಸಂದಂತೆಯೇ ಸರಿ.

ಅಭ್ಯಾಸ

1. ಪಡುವಾದ ತಾಯಿಯ ಹರಕೆಗೂ ನಮ್ಮ ತುಲಾಭಾರಕ್ಕೂ ಇರುವ ಹೋಲಿಕೆಯೇನು?
2. ಕೊಳ್ಳಲಾರದವರ ಶುಶ್ರೂಷೆಗೆ ಮುಲ್ಲರ್ ಅವರು ಹಣವನ್ನು ಹೇಗೆ ಹೊಂದಿಸಿದರು?
3. ಕುಷ್ಠರೋಗದ ಇತಿಹಾಸದಲ್ಲಿ 1873 ಮುಖ್ಯವಾದ ವರ್ಷವೇಕೆ?
4. ‘ಕಾಲುಗಳನ್ನು ಕಳೆದುಕೊಂಡಾಕೆ, ಕೈಗಳನ್ನು ಕಳೆದುಕೊಂಡವರಿಗೆ ಕೈಗಳನ್ನು ಮರಳಿಸಿದರು.’ ಈ ಮಾತನ್ನು ವಿವರಿಸಿ.
5. ‘ದಯೆಯು ಗೌರವದಲ್ಲಿ ಮುಗಿಯದಿದ್ದರೆ ಅದು ಪಡೆದವನನ್ನು ಕುಗ್ಗಿಸುತ್ತದೆ.’ ನಿಮ್ಮ ಊರಿನ ಅನುಭವದಿಂದ ಒಂದು ಉದಾಹರಣೆ ಕೊಟ್ಟು ಚರ್ಚಿಸಿ.